ಟಾಪ್ ಎಂಡ್ ಬೇಕೆಂದವರ ಆರ್ಡರ್ ಬದಲಾದ ಬಗೆ

ಇದು ಒಂದೇ ಒಂದು ಕಾರಿನ ಪ್ರಕರಣ. ಅಮೆರಿಕದ ಸ್ಪೋರ್ಟ್ಸ್ ಕಾರು ಷೆವರ್ಲೆ ಕಾರ್ವೆಟ್, ಎಂಟನೇ ಪೀಳಿಗೆಯದು. ಎಲ್ಲರೂ ಸಿ8 ಅನ್ನುತ್ತಾರಲ್ಲ, ಅದೇ. ಆರ್ಡರ್ ಮಾಡಿದವರು ನನ್ನ ಹಿರಿಯ ಸ್ನೇಹಿತರು. ಅವರ ಹೆಸರು, ಊರು, ಕೆಲಸ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಸಾಹೇಬರು ಅಂದುಕೊಳ್ಳೋಣ. ಅವರ ಹೆಂಡತಿಯನ್ನು ಮೇಡಂ ಅನ್ನೋಣ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಮೇಡಂ ಮಾತ್ರ ಒಂದು ಷರತ್ತು ಹಾಕಿದ್ದಾರೆ: ಸೀಟ್ ಬೆಲ್ಟ್ ವಿಷಯ ಬಿಡಬಾರದು. ಅದು ಕೊನೆಯಲ್ಲಿ ಬರುತ್ತದೆ.

ಹಿನ್ನೆಲೆ

ಸಾಹೇಬರಿಗೆ ಐವತ್ತು ದಾಟಿದೆ. ಜೀವನದಲ್ಲಿ ಒಂದೇ ಒಂದು ಸ್ಪೋರ್ಟ್ಸ್ ಕಾರು ಕೊಳ್ಳುವುದು, ಅದನ್ನು ಮಾರದೆ ಇಟ್ಟುಕೊಳ್ಳುವುದು ಎಂಬುದು ಅವರ ಲೆಕ್ಕ. ಖರ್ಚಿಗೆ ಒಂದು ಗೆರೆ ಎಳೆದಿದ್ದರು. ಅದನ್ನು ದಾಟುವುದಿಲ್ಲ ಎಂದು ಮೇಡಂಗೆ ಮಾತು ಕೊಟ್ಟಿದ್ದರು. ಹಾಗಾಗಿ ಒಂದು ಕಡೆ ಸೇರಿಸಿದರೆ ಇನ್ನೊಂದು ಕಡೆ ಕಳೆಯಲೇಬೇಕು. ಈ ಗೆರೆ ಇಲ್ಲದಿದ್ದರೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಎಲ್ಲಕ್ಕೂ ಟಿಕ್ ಹಾಕಿ ಸುಮ್ನೆ ಕಾಯುತ್ತಿದ್ದರು.

ಡೀಲರ್ ಬಳಿ ಹೆಸರು ಬರೆಸಿ ತಿಂಗಳುಗಳೇ ಆಗಿದ್ದವು. ಈ ಕಾರನ್ನು ಕಂಪನಿ ಒಬ್ಬೊಬ್ಬ ಡೀಲರ್‌ಗೆ ಇಷ್ಟಿಷ್ಟು ಎಂದು ಹಂಚುತ್ತದೆ. ಸರದಿ ಬಂದ ದಿನ ಡೀಲರ್ ಫೋನ್ ಮಾಡುತ್ತಾರೆ, ಆಗ ಪೂರ್ತಿ ಪಟ್ಟಿ ಕೊಡಬೇಕು. ಸಾಹೇಬರಿಗೆ ಸಿಕ್ಕಿದ್ದು ನಾಲ್ಕು ದಿನ. ಅಷ್ಟು ತಿಂಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಹತ್ತಾರು ಬಗೆಯಲ್ಲಿ ಕಾರು ಜೋಡಿಸಿ ನೋಡಿದ್ದರು. ಕೆಂಪು, ಬೂದು, ಬಿಳಿ, ಮತ್ತೆ ಕೆಂಪು. ಆದರೆ ಒಂದು ಸಲವೂ ಕಾಗದದ ಮೇಲೆ ಬರೆದು ನೋಡಿರಲಿಲ್ಲ. ನಾಲ್ಕನೇ ದಿನ ರಾತ್ರಿ, ಉಳಿಸಿಟ್ಟಿದ್ದ ಪಟ್ಟಿಗಳಲ್ಲಿ ಒಂದನ್ನು ಕಳಿಸಿಬಿಟ್ಟರು.

ಮರುದಿನ ಬೆಳಿಗ್ಗೆ ನನಗೆ ಫೋನ್. ‘ಮಾರಾಯ್ರೆ, ಟಾಪ್ ಎಂಡ್ ಬರೆಸಿದೆ. ಖುಷಿಯಾಗಬೇಕಿತ್ತು. ಯಾಕೋ ನಿದ್ದೆ ಬರಲಿಲ್ಲ.’

ಪಟ್ಟಿ ತರಿಸಿಕೊಂಡು ನೋಡಿದೆ. ನನಗೂ ಬರುತ್ತಿರಲಿಲ್ಲ.

ಒಂದು ಕಾರು, ಎರಡು ಏಣಿ

ಪಟ್ಟಿಯಲ್ಲಿ ಇದ್ದದ್ದು ಇದು. 3ಎಲ್‌ಟಿ ಟ್ರಿಮ್ (ಟ್ರಿಮ್ ಅಂದರೆ ಕಾರಿನ ಸೌಲಭ್ಯಗಳ ಮಟ್ಟ). ಹೊಳೆಯುವ ಚಕ್ರ. ಬಣ್ಣದ ಬ್ರೇಕ್ ಕ್ಯಾಲಿಪರ್, ಅಂದರೆ ಚಕ್ರದ ಸಂದಿಯಿಂದ ಕಾಣುವ ಬ್ರೇಕಿನ ಹಿಡಿಕೆ. ಎಂಜಿನ್ ಗೂಡಿನ ಅಲಂಕಾರದ ಪ್ಯಾಕೇಜ್. ಕಾರ್ಬನ್ ಫೈಬರ್ ತುಣುಕುಗಳು. ಇಲ್ಲದೆ ಇದ್ದದ್ದು ಇದು: ಓಟಕ್ಕೆ ಸಂಬಂಧಿಸಿದ ಝಡ್51 ಪ್ಯಾಕೇಜ್, ರಸ್ತೆಗೆ ತಕ್ಕಂತೆ ಬದಲಾಗುವ ಮ್ಯಾಗ್ನೆಟಿಕ್ ರೈಡ್ ಸಸ್ಪೆನ್ಶನ್, ಮುಂದಿನ ಮೂತಿಯನ್ನು ಎತ್ತುವ ಲಿಫ್ಟ್. ಎಲ್ಲವೂ ಗೆರೆಯೊಳಗೇ ಇತ್ತು. ಆದರೆ ಹಣ ಹೋದದ್ದೆಲ್ಲ ಕಣ್ಣಿಗೆ ಕಾಣುವ ಕಡೆಗೆ.

ಸಮಸ್ಯೆಯ ಬೇರು ‘ಟಾಪ್ ಎಂಡ್’ ಎಂಬ ಮಾತಿನಲ್ಲೇ ಇತ್ತು. ಮಾಮೂಲಿ ಕಾರು ಕೊಳ್ಳುವಾಗ ಆ ಮಾತಿಗೆ ಒಂದು ಅರ್ಥ ಇದೆ. ಬೇಸ್, ಮಿಡ್, ಟಾಪ್. ಮೇಲೆ ಹೋದಷ್ಟೂ ಎಲ್ಲವೂ ಜಾಸ್ತಿ. ಈ ಕಾರಿನಲ್ಲಿ ಹಾಗಿಲ್ಲ. ಇಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಏಣಿಗಳಿವೆ.

ಮೊದಲನೆಯದು 1ಎಲ್‌ಟಿ, 2ಎಲ್‌ಟಿ, 3ಎಲ್‌ಟಿ. ಇದು ಒಳಗಿನ ಏಣಿ. (ನಾನು ಹೇಳುವುದು ಈ ಪೀಳಿಗೆಯ ಮೊದಲ ವರ್ಷಗಳ ಪಟ್ಟಿಯ ಮಾತು.) ಮೂರಕ್ಕೂ ಎಂಜಿನ್ ಒಂದೇ: 6.2 ಲೀಟರ್ ವಿ8, ಟರ್ಬೊ ಇಲ್ಲ, 490 ಹಾರ್ಸ್‌ಪವರ್. ಗೇರ್‌ಬಾಕ್ಸ್ ಒಂದೇ: 8 ಗೇರಿನ ಡ್ಯುಯಲ್ ಕ್ಲಚ್. ಮ್ಯಾನ್ಯುಯಲ್ ಇಲ್ಲವೇ ಇಲ್ಲ. 2ಎಲ್‌ಟಿಗೆ ಹೋದರೆ ಗಾಜಿನ ಮೇಲೆ ವೇಗ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ, 14 ಸ್ಪೀಕರಿನ ಬೋಸ್ ಸಿಸ್ಟಂ, ಬಿಸಿ ಮತ್ತು ತಂಪು ಗಾಳಿಯ ಸೀಟು, ಮೂತಿಯ ಮುಂದೆ ಏನಿದೆ ಎಂದು ತೋರಿಸುವ ಕ್ಯಾಮೆರಾ, ಓಡಿಸಿದ್ದನ್ನು ವಿಡಿಯೊ ಸಮೇತ ದಾಖಲಿಸುವ ಪರ್ಫಾರ್ಮೆನ್ಸ್ ಡೇಟಾ ರೆಕಾರ್ಡರ್ ಬರುತ್ತವೆ. 3ಎಲ್‌ಟಿಗೆ ಹೋದರೆ ಡ್ಯಾಶ್‌ಬೋರ್ಡು, ಬಾಗಿಲು ಎಲ್ಲ ಚರ್ಮದ ಹೊದಿಕೆ, ತಲೆಯ ಮೇಲೆ ಮಖಮಲ್ಲಿನಂಥ ಬಟ್ಟೆ, ಜಿಟಿ2 ಎಂಬ ಬಗೆಯ ಸೀಟು. ಕೈಗೆ ಸಿಗುವುದೆಲ್ಲ ಮೆತ್ತಗೆ. ಕಾರು ಓಡುವುದು ಮಾತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಎರಡನೆಯ ಏಣಿಗೆ ಒಂದೇ ಮೆಟ್ಟಿಲು: ಝಡ್51. ಇದು ಓಟದ ಏಣಿ. ದೊಡ್ಡ ಬ್ರೇಕ್, ಬಿಸಿ ತಡೆಯಲು ಹೆಚ್ಚಿನ ಕೂಲಿಂಗ್, ಗಟ್ಟಿ ಸಸ್ಪೆನ್ಶನ್, ಎರಡು ಹಿಂಚಕ್ರಗಳಿಗೆ ಎಳೆತ ಹಂಚುವ ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಬೇಗ ಎಳೆಯುವ ಹಾಗೆ ಬದಲಿಸಿದ ಫೈನಲ್ ಡ್ರೈವ್, ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟಯರು, ಮುಂದೆ ಸ್ಪ್ಲಿಟರ್, ಹಿಂದೆ ಸ್ಪಾಯ್ಲರ್, ಮತ್ತೆ ಪರ್ಫಾರ್ಮೆನ್ಸ್ ಎಕ್ಸಾಸ್ಟ್. ಎಕ್ಸಾಸ್ಟ್ ಬದಲಾದದ್ದರಿಂದ ಪವರ್ 495ಕ್ಕೆ ಏರುತ್ತದೆ. ಇದನ್ನು 1ಎಲ್‌ಟಿಗೂ ಹಾಕಿಸಬಹುದು. ಅಂದರೆ ಪಟ್ಟಿಯ ಅತಿ ಕೆಳಗಿನ ಟ್ರಿಮ್ ಇರುವ ಕಾರು, ಅತಿ ಮೇಲಿನದ್ದನ್ನು ರೇಸ್ ಟ್ರ್ಯಾಕ್‌ನಲ್ಲಿ ಹಿಂದೆ ಹಾಕಬಹುದು.

ಇದನ್ನು ಹೇಳಿದಾಗ ಸಾಹೇಬರು ಒಂದು ಕ್ಷಣ ಸುಮ್ಮನಾದರು. ‘ಹಾಗಾದ್ರೆ ನಾನು ಬರೆಸಿದ್ದು ಟಾಪ್ ಎಂಡ್ ಅಲ್ವಾ?’

ಅವರದ್ದು ಪೂರ್ತಿ ತಪ್ಪಲ್ಲ. ಬೇರೆ ಕಂಪನಿಗಳಲ್ಲಿ ಅಕ್ಷರಗಳು ಬೇರೆ ಕೆಲಸ ಮಾಡುತ್ತವೆ. ಪೋರ್ಷೆ 911ರ 992 ಪೀಳಿಗೆ ಬಂದಾಗ ಬರೀ ಕರೆರಾಗೆ 385 ಹಾರ್ಸ್‌ಪವರ್ ಇತ್ತು, ಪಕ್ಕದಲ್ಲಿ ಎಸ್ ಅಂಟಿಸಿದರೆ 450. ಬ್ರೇಕೂ ದೊಡ್ಡದು. ಅಲ್ಲಿ ಅಕ್ಷರ ಕೊಂಡರೆ ಎಂಜಿನ್ ಸಿಗುತ್ತದೆ. ಇಲ್ಲಿ ಅಕ್ಷರ ಕೊಂಡರೆ ಚರ್ಮ ಸಿಗುತ್ತದೆ. ಒಂದು ಕಂಪನಿಯ ಲೆಕ್ಕ ಹಿಡಿದುಕೊಂಡು ಇನ್ನೊಂದರ ಪಟ್ಟಿ ಓದಿದರೆ ಎಡವುವುದು ಖಚಿತ.

ಮಾತು ಬಂತೆಂದು ಹೇಳುತ್ತೇನೆ. 1953ರಲ್ಲಿ ಮೊದಲ ಕಾರ್ವೆಟ್ ಬಂದಾಗ ತಯಾರಾದದ್ದು 300 ಕಾರು. ಎಲ್ಲವೂ ಬಿಳಿ, ಒಳಗೆ ಎಲ್ಲವೂ ಕೆಂಪು. ರೇಡಿಯೊ, ಹೀಟರ್ ಬೇಕಾದರೆ ಮಾತ್ರ ಎಂದು ಪಟ್ಟಿಯಲ್ಲಿತ್ತು, ಆದರೆ ಎಲ್ಲ ಕಾರಿಗೂ ಹಾಕಿಯೇ ಕೊಟ್ಟರು. ಅಂದು ಕೊಂಡವರಿಗೆ ಬೇರೇನೇ ತೊಂದರೆ ಇದ್ದಿರಲಿ, ಟ್ರಿಮ್ ಯೋಚನೆಯಲ್ಲಿ ನಿದ್ದೆ ಕೆಟ್ಟಿರಲಾರದು.

ಸಮಯ ಎಷ್ಟಿದೆ

ಮೊದಲು ನೋಡಬೇಕಾಗಿದ್ದು ಇದನ್ನು. ಕಂಪನಿಯೊಳಗೆ ಆರ್ಡರ್ ನಡೆಯುವ ಹಂತಗಳಿಗೆ ಸಂಖ್ಯೆ ಇದೆ. 1100 ಅಂದರೆ ಡೀಲರ್ ಬರೆದಿಟ್ಟಿದ್ದಾರೆ. 2000 ಅಂದರೆ ಕಂಪನಿ ತೆಗೆದುಕೊಂಡಿದೆ. 3000 ಅಂದರೆ ಉತ್ಪಾದನೆಯವರು ಒಪ್ಪಿಕೊಂಡಿದ್ದಾರೆ. 3000 ಬಂದ ಮೇಲೆ ಪಟ್ಟಿಗೆ ಬೀಗ. ಅಲ್ಲಿಯವರೆಗೆ ಡೀಲರ್ ಮೂಲಕ ಬದಲಿಸಬಹುದು.

ಡೀಲರ್‌ಗೆ ಫೋನ್ ಮಾಡಿಸಿದೆ. ಆರ್ಡರ್ 2000ದಲ್ಲಿ ಇತ್ತು. ‘3000 ಯಾವಾಗ?’ ಅಂದರೆ ‘ಹೇಳೋಕೆ ಆಗಲ್ಲ ಸರ್, ನಾಳೆಯೂ ಆಗಬಹುದು, ಮುಂದಿನ ತಿಂಗಳೂ ಆಗಬಹುದು’ ಅಂದರು. ಜೊತೆಗೆ ಒಂದು ಪುಕ್ಕಟೆ ಸಲಹೆ: ‘ಟಾಪ್ ಎಂಡ್ ಬಿಡಬೇಡಿ, ರೀಸೇಲ್ ಚೆನ್ನಾಗಿರುತ್ತೆ.’ ಮಾರುವುದೇ ಇಲ್ಲ ಎಂದು ಕೊಳ್ಳುತ್ತಿರುವವರಿಗೆ ರೀಸೇಲ್ ಮಾತು ಹೇಳಿದರೆ ಏನು ಮಾಡುವುದು? ಆದರೂ ಸಾಹೇಬರ ತಲೆಯಲ್ಲಿ ಅದು ವಾರಗಟ್ಟಲೆ ಕೂತಿತ್ತು.

ಕೈಯಲ್ಲಿ ಎಷ್ಟು ದಿನ ಇದೆ ಎಂದು ಗೊತ್ತಿಲ್ಲದೆ ಕೆಲಸ ಶುರು ಮಾಡಿದೆವು. ಬೀಗ ಬಿದ್ದದ್ದು ಐದು ವಾರಗಳ ನಂತರ.

ಏನೇನು ಮಾಡಿದೆವು

ಮೊದಲಿಗೆ ಪಟ್ಟಿಯನ್ನು ಎರಡು ಹಾಳೆಗೆ ಹಂಚಿದೆವು. ಒಂದರಲ್ಲಿ ಆಮೇಲೆ ಹಾಕಿಸಬಹುದಾದದ್ದು, ಇನ್ನೊಂದರಲ್ಲಿ ಫ್ಯಾಕ್ಟರಿಯಿಂದಲೇ ಬರಬೇಕಾದದ್ದು. ಚಕ್ರ, ಕಾರ್ಬನ್ ತುಣುಕು, ಕ್ಯಾಲಿಪರ್ ಬಣ್ಣ, ಮ್ಯಾಟು, ಎಂಜಿನ್ ಗೂಡಿನ ಅಲಂಕಾರ ಎಲ್ಲ ಮೊದಲ ಹಾಳೆಗೆ. ಕೂಲಿಂಗ್, ಡಿಫರೆನ್ಶಿಯಲ್, ಫೈನಲ್ ಡ್ರೈವ್, ಮ್ಯಾಗ್ನೆಟಿಕ್ ರೈಡ್, ಲಿಫ್ಟ್, ಹೆಡ್-ಅಪ್ ಡಿಸ್‌ಪ್ಲೇ ಎರಡನೆಯದಕ್ಕೆ. ಸೀಟಿನ ವಿಷಯದಲ್ಲಿ ಸ್ವಲ್ಪ ಚರ್ಚೆ ಆಯಿತು. ಸೀಟು ಬಿಚ್ಚಿ ಬೇರೆ ಹಾಕಬಹುದು, ಆದರೆ ಏರ್‌ಬ್ಯಾಗು, ಸೆನ್ಸರು, ವೈರು ಎಂದು ತಲೆನೋವು ಜಾಸ್ತಿ. ಅದನ್ನೂ ಎರಡನೆಯದಕ್ಕೇ ಹಾಕಿದೆವು.

ಹಾಳೆ ನೋಡಿ ಸಾಹೇಬರ ಮುಖ ಸಣ್ಣದಾಯಿತು. 3ಎಲ್‌ಟಿ ಟ್ರಿಮ್‌ನೊಳಗೇ ಬರುವುದನ್ನು ಬಿಟ್ಟರೆ, ಅವರು ಹಣ ಕಟ್ಟಿದ್ದೆಲ್ಲ ಮೊದಲ ಹಾಳೆಯಲ್ಲಿತ್ತು.

ಆದರೂ ಒಪ್ಪಲಿಲ್ಲ. ‘ಚರ್ಮವೂ ಆಮೇಲೆ ಹಾಕಿಸೋಕೆ ಆಗಲ್ಲ ಅಲ್ವಾ?’ ಅಂದರು. ನ್ಯಾಯವಾದ ಮಾತು. ಡ್ಯಾಶ್‌ಬೋರ್ಡಿಗೆ ಹೊರಗಡೆ ಹೊಲಿಸಿದ ಚರ್ಮ ಫ್ಯಾಕ್ಟರಿಯದ್ದರ ಹಾಗೆ ಕೂರುವುದು ಕಷ್ಟ. ಹಾಳೆಯ ಲೆಕ್ಕ ಅಲ್ಲಿಗೇ ಮುಗಿಯಿತು. ಉಳಿದ ಪ್ರಶ್ನೆ: ಈ ಚರ್ಮಕ್ಕಾಗಿ ಏನನ್ನು ಬಿಡಬೇಕು? ಆಗಿನ ಬೆಲೆಪಟ್ಟಿಯಲ್ಲಿ 2ಎಲ್‌ಟಿಯಿಂದ 3ಎಲ್‌ಟಿಗೆ ಏರುವ ಹಣವೂ ಝಡ್51ರ ಹಣವೂ ಹತ್ತಿರ ಹತ್ತಿರ ಇದ್ದವು. ತಕ್ಕಡಿಯ ಒಂದು ತಟ್ಟೆಯಲ್ಲಿ ಚರ್ಮ, ಇನ್ನೊಂದರಲ್ಲಿ ಬ್ರೇಕು, ಕೂಲಿಂಗು. ಹಾಗೆ ಇಟ್ಟು ನೋಡಿದ್ದು ಅದೇ ಮೊದಲು.

ಸೀಟಿನಲ್ಲಿ ನಲವತ್ತು ನಿಮಿಷ

ಶೋರೂಮಿನಲ್ಲಿ ಜನ ಸೀಟಿನಲ್ಲಿ ಕೂರುವುದು ಎರಡು ನಿಮಿಷ. ಸ್ಟೀರಿಂಗ್ ಹಿಡಿದು, ಒಂದು ಫೋಟೊ ತೆಗೆಸಿಕೊಂಡು ಎದ್ದುಬಿಡುತ್ತಾರೆ. ನಾವು ಬೇರೆ ರೀತಿ ಮಾಡಿದೆವು. ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನ ಹೋಗಿ, ಒಂದೊಂದು ಸೀಟಿನಲ್ಲೂ ನಲವತ್ತು ನಿಮಿಷ ಕೂತೆವು. ಫೋನ್ ಒಳಗಿಟ್ಟು. ಮೇಡಂ ಕೂಡ. ವರ್ಷಕ್ಕೆ ಒಂದೆರಡು ಸಲ ಇಬ್ಬರೂ ದೂರದ ಪ್ರಯಾಣ ಹೋಗುವುದೆಂದು ಮಾತಾಗಿತ್ತು, ಹಾಗಾಗಿ ಅವರ ಬೆನ್ನಿನ ಅಭಿಪ್ರಾಯಕ್ಕೂ ತೂಕ ಇತ್ತು.

ಸೀಟಿನಲ್ಲಿ ಮೂರು ಬಗೆ. ಟ್ರ್ಯಾಕ್‌ಗೆಂದು ಇರುವ ಕಾಂಪಿಟಿಶನ್ ಸೀಟು ಸಾಹೇಬರ ಸೊಂಟವನ್ನು ಇಕ್ಕುಳದ ಹಾಗೆ ಹಿಡಿಯಿತು. ಹತ್ತು ನಿಮಿಷಕ್ಕೆ ಚಡಪಡಿಸಿದರು, ಆದರೆ ಒಪ್ಪಿಕೊಳ್ಳಲಿಲ್ಲ. ಮೇಡಂ ಐದು ನಿಮಿಷಕ್ಕೇ ಎದ್ದರು. ಜಿಟಿ1 ಸೀಟು ಪರವಾಗಿಲ್ಲ ಅನ್ನಿಸಿತು. ಜಿಟಿ2ರಲ್ಲಿ ಕೂತಾಗ ಇಬ್ಬರೂ ಮಾತಾಡುವುದನ್ನು ನಿಲ್ಲಿಸಿದರು. ಅದೇ ಉತ್ತರ.

ಒಂದು ತಿರುವು ಬಂದದ್ದು ಇಲ್ಲೇ. ಜಿಟಿ2 ಬೇಕಾದರೆ 3ಎಲ್‌ಟಿಯೇ ಬೇಕು ಎಂದು ಸಾಹೇಬರು ನಂಬಿದ್ದರು. ಪಟ್ಟಿ ತೆರೆದು ತೋರಿಸಿದೆ. 2ಎಲ್‌ಟಿಯಲ್ಲೂ ಆ ಸೀಟನ್ನು ಬಿಡಿಯಾಗಿ ಕೇಳಬಹುದು. ದುಬಾರಿ ಟ್ರಿಮ್ ಹತ್ತುವ ಅರ್ಧ ಕಾರಣ ಅಲ್ಲೇ ಕರಗಿತು. ಒಂದು ಟ್ರಿಮ್ ಕೊಳ್ಳುವವರು ನಿಜವಾಗಿ ಬಯಸುವುದು ಅದರೊಳಗಿನ ಒಂದೋ ಎರಡೋ ವಸ್ತುವನ್ನು. ಆ ವಸ್ತು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳುವವರು ಕಡಿಮೆ.

ಮೇಡಂ ಇನ್ನೊಂದು ವಿಷಯ ಗಮನಿಸಿದರು. ಈ ಕಾರಿನಲ್ಲಿ ಚಾಲಕನಿಗೂ ಪಕ್ಕದವರಿಗೂ ನಡುವೆ ಎಸಿ ಬಟನ್‌ಗಳ ಉದ್ದನೆಯ ಸಾಲಿದೆ, ಒಂದು ದಿಣ್ಣೆಯ ಮೇಲೆ. ‘ಇದೇನು, ನಮ್ಮಿಬ್ಬರ ನಡುವೆ ಕಾಂಪೌಂಡ್ ಗೋಡೆನಾ?’ ಅಂದರು. ಅದು ಯಾವ ಟ್ರಿಮ್‌ಗೆ ಹೋದರೂ ಹೋಗುವುದಿಲ್ಲ ಎಂದು ಹೇಳಬೇಕಾಯಿತು. ಮುಂದೆ 2026ರ ಮಾದರಿಯಲ್ಲಿ ಕಂಪನಿ ಒಳಾಂಗಣ ಬದಲಿಸಿ ಆ ಸಾಲನ್ನೇ ತೆಗೆಯಿತು. ಇವರ ಕಾರು ಅದಕ್ಕಿಂತ ಹಳೆಯದು. ಗೋಡೆ ಇದೆ.

ರ‍್ಯಾಂಪಿನ ಸದ್ದು

ಲಿಫ್ಟ್ ಬಗ್ಗೆ ಸಾಹೇಬರಿಗೆ ನಗು ಇತ್ತು. ‘ಮೂತಿ ಎತ್ತೋಕೆ ದುಡ್ಡು ಕೊಡಬೇಕಾ?’ ಅವರು ಕಾರು ನಿಲ್ಲಿಸುವ ಜಾಗ ನೆಲಮಾಳಿಗೆಯಲ್ಲಿ. ಕಡಿದಾದ ರ‍್ಯಾಂಪು, ಕೆಳಗೆ ಮುಟ್ಟುವ ಕಡೆ ಥಟ್ಟನೆ ಸಮತಟ್ಟು. ಅಗಲ ಇದ್ದಿದ್ದರೆ ಓರೆಯಾಗಿ ಇಳಿಸಬಹುದಿತ್ತು, ಒಂದು ಪಕ್ಕದಲ್ಲಿ ಕಂಬ. ಮೊದಲು ಒಂದು ಮರದ ಪಟ್ಟಿ ಇಟ್ಟು ಅಳೆದೆವು. ಅಳತೆ ಹೇಳಿದ್ದು ‘ಅನುಮಾನ’. ಅನುಮಾನ ಅಂದರೆ ಸಾಹೇಬರ ಕಿವಿಗೆ ‘ಆಗುತ್ತೆ’ ಎಂದು ಕೇಳಿಸಿತು.

ಅದೃಷ್ಟಕ್ಕೆ ಪರಿಚಯದವರೊಬ್ಬರ ಬಳಿ ಇದೇ ಕಾರು ಇತ್ತು. 1ಎಲ್‌ಟಿ, ಲಿಫ್ಟ್ ಇಲ್ಲದ್ದು. ಆ ಟ್ರಿಮ್‌ನಲ್ಲಿ ಲಿಫ್ಟ್ ಸಿಗುವುದೂ ಇಲ್ಲ, 2ಎಲ್‌ಟಿಯಿಂದ ಮೇಲಕ್ಕೆ ಮಾತ್ರ. ಅವರನ್ನು ಬೇಡಿಕೊಂಡು ಕರೆಸಿದೆವು. ಅವರು ನಿಧಾನವಾಗಿ, ಉಸಿರು ಬಿಗಿಹಿಡಿದು ಇಳಿಸಿದರು. ಕೊನೆಯ ಅರ್ಧ ಮೀಟರಿನಲ್ಲಿ ಕರ್‌ರ್ ಎಂದಿತು. ಅಡಿಯಲ್ಲಿ ಉಜ್ಜಿದ್ದು ಅಷ್ಟೇ, ಹೊರಗೆ ಏನೂ ಕಾಣಲಿಲ್ಲ. ಅವರು ನಕ್ಕು ‘ಅಭ್ಯಾಸ ಆಗಿದೆ’ ಅಂದರು. ಸಾಹೇಬರು ನಗಲಿಲ್ಲ. ದಿನಕ್ಕೆ ಎರಡು ಸಲ ಆ ಸದ್ದು ಕೇಳುವುದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತೆ.

ಲಿಫ್ಟ್ ಮೂತಿಯನ್ನು ಸುಮಾರು 40 ಮಿಲಿಮೀಟರ್ ಎತ್ತುತ್ತದೆ, ಮೂರು ಸೆಕೆಂಡಿನೊಳಗೆ. ಗಂಟೆಗೆ ಸುಮಾರು 39 ಕಿಲೊಮೀಟರ್ ವೇಗದವರೆಗೂ ಕೆಲಸ ಮಾಡುತ್ತದೆ. ಜಿಪಿಎಸ್ ಮೂಲಕ 1000 ಜಾಗಗಳನ್ನು ನೆನಪಿಟ್ಟುಕೊಂಡು, ಅಲ್ಲಿಗೆ ಬಂದಾಗ ತಾನೇ ಎತ್ತಿಕೊಳ್ಳುತ್ತದೆ. ಇದನ್ನೆಲ್ಲ ನಾನು ಅವರಿಗೆ ಮೊದಲೇ ಹೇಳಿದ್ದೆ. ಒಂದು ಅಂಕಿಯೂ ಅವರನ್ನು ಅಲುಗಿಸಿರಲಿಲ್ಲ. ಸದ್ದು ಅಲುಗಿಸಿತು. ಅವತ್ತು ಸಂಜೆಯೇ ಡೀಲರ್‌ಗೆ ಮೊದಲ ಬದಲಾವಣೆ ಹೋಯಿತು: ಇ60, ಅಂದರೆ ಲಿಫ್ಟ್, ಸೇರಿಸಿ. ಅದಕ್ಕೆ ಜಾಗ ಮಾಡಲು ಹೊಳೆಯುವ ಚಕ್ರ ಮತ್ತು ಕಾರ್ಬನ್ ತುಣುಕು ಹೋದವು. 3ಎಲ್‌ಟಿ ಇನ್ನೂ ಉಳಿದಿತ್ತು.

ಟ್ರ್ಯಾಕ್‌ಗೆ ನಿಜವಾಗಿ ಹೋಗ್ತೀರಾ

ಝಡ್51ರ ವಿಷಯದಲ್ಲಿ ನನಗೇ ಖಚಿತ ಇರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಝಡ್51 ಇರುವ ಕಾರು, ಇಲ್ಲದ ಬೇಸ್ ಕಾರು, ಎರಡನ್ನೂ ಒಂದೇ ಕೆಟ್ಟ ರಸ್ತೆಯಲ್ಲಿ ಓಡಿಸಿದೆವು. ಬೇಸ್ ಸಸ್ಪೆನ್ಶನ್ ಹಿತವಾಗಿತ್ತು. ಝಡ್51 ಎಂಬ ಹೆಸರು ಮೊದಲು ಬಂದದ್ದು 1984ರ ಕಾರ್ವೆಟ್‌ನಲ್ಲಿ. ಆಗ ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಮರುವರ್ಷವೇ ಸ್ವಲ್ಪ ಮೆದು ಮಾಡಬೇಕಾಯಿತು. ಈಗ ಅಷ್ಟಿಲ್ಲ. ಜೊತೆಗೆ ಮ್ಯಾಗ್ನೆಟಿಕ್ ರೈಡ್ ಹಾಕಿಸಿದರೆ ಇನ್ನೂ ಸಮಾಧಾನ. ಶಾಕ್ ಅಬ್ಸಾರ್ಬರಿನ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಕರೆಂಟ್ ಹರಿದಾಗ ಎಣ್ಣೆ ಬಿಗಿಯಾಗುತ್ತದೆ, ನಿಂತಾಗ ಸಡಿಲ. ರಸ್ತೆಗೆ ತಕ್ಕಂತೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ವೇಗದಲ್ಲಿ ವ್ಯತ್ಯಾಸ ಇದೆಯಾ? ನಿಂತಲ್ಲಿಂದ ಗಂಟೆಗೆ 96 ಕಿಲೊಮೀಟರ್ ಮುಟ್ಟಲು ಝಡ್51ಗೆ 2.9 ಸೆಕೆಂಡ್, ಬೇಸ್‌ಗೆ 3. ಕಣ್ಣು ಮಿಟುಕಿಸುವುದರೊಳಗಿನ ಮಾತು. ತಮಾಷೆ ಏನೆಂದರೆ ಗರಿಷ್ಠ ವೇಗ ಬೇಸ್ ಕಾರಿನದ್ದೇ ಜಾಸ್ತಿ. ಬೇಸ್‌ಗೆ 312, ಝಡ್51ಗೆ 296. ಸ್ಪಾಯ್ಲರು, ಸ್ಪ್ಲಿಟರು ಕಾರನ್ನು ನೆಲಕ್ಕೆ ಒತ್ತುತ್ತವೆ, ಹಾಗೆ ಒತ್ತುವುದಕ್ಕೆ ಗಾಳಿಯ ತಡೆಯ ಬೆಲೆ ತೆರಬೇಕು. ಇದನ್ನು ಕೇಳಿ ಸಾಹೇಬರು ಗೆದ್ದ ಮುಖ ಮಾಡಿದರು. ‘ನೋಡಿ, ನಂದೇ ಫಾಸ್ಟ್!’

ಆಗ ನಾನು ಕೇಳಿದೆ: ‘ಸಾಹೇಬ್ರೆ, ವರ್ಷಕ್ಕೆ ಮೂರು ಸಲ ಟ್ರ್ಯಾಕ್‌ಗೆ ಹೋಗ್ತೀನಿ ಅಂತೀರಲ್ಲ. ಈ ಎರಡು ವರ್ಷದಲ್ಲಿ ಎಷ್ಟು ಸಲ ಹೋಗಿದ್ದೀರಿ?’

‘ಕಾರು ಇಲ್ಲದೆ ಹೇಗೆ ಹೋಗೋದು?’

‘ಕಾರು ಇದೆಯಲ್ಲ. ಮನೇಲಿರೋ ಸೆಡಾನ್.’

ಹೋಗಬೇಕಾದವರು ಇರುವ ಕಾರಿನಲ್ಲೇ ಹೋಗಿರುತ್ತಾರೆ ಎನ್ನುವುದು ನನ್ನ ಅನುಭವ. ಹೊಸ ಕಾರು ಬಂದ ಮೇಲೆ ಹೊಸ ಮನುಷ್ಯ ಆಗುವುದು ಅಪರೂಪ. ಹಾಗಾಗಿ ಒಂದು ಒಪ್ಪಂದ ಮಾಡಿಕೊಂಡೆವು. ಬೀಗ ಬೀಳುವ ಮೊದಲು ಒಂದು ದಿನ, ಮನೆಯ ಸೆಡಾನ್ ತೆಗೆದುಕೊಂಡು, ಹೊಸಬರಿಗೆಂದು ಇರುವ ಟ್ರ್ಯಾಕ್ ದಿನಕ್ಕೆ ಹೋಗುವುದು. ಬೇಸರ ಬಂದರೆ ಝಡ್51 ಬೇಡ, 3ಎಲ್‌ಟಿ ಇರಲಿ, ನಾನು ಇನ್ನೊಂದು ಮಾತು ಆಡುವುದಿಲ್ಲ. ಬೇಸರ ಬರುತ್ತದೆ ಅಂತಲೇ ಅಂದುಕೊಂಡಿದ್ದೆ.

ನಾಲ್ಕನೇ ವಾರದಲ್ಲಿ ಹೋದರು. ಮೊದಲ ಸುತ್ತುಗಳಲ್ಲಿ ಹೆದರಿ ಹೆದರಿ ಓಡಿಸಿದರು. ಎರಡನೇ ಸರದಿಯಲ್ಲಿ ಪಕ್ಕದಲ್ಲಿ ಕೂತ ತರಬೇತುದಾರರು ‘ಇನ್ನೂ ಸ್ವಲ್ಪ ತಡವಾಗಿ ಬ್ರೇಕ್ ಹಿಡಿಯಿರಿ’ ಅನ್ನುತ್ತಾ ಹೋದರಂತೆ. ಐದನೇ ಸುತ್ತಿಗೆ ಸೆಡಾನಿನ ಬ್ರೇಕ್ ಪೆಡಲ್ ಮೆತ್ತಗಾಯಿತು, ಒತ್ತಿದರೆ ಕೆಳಗೆ ಹೋಗುತ್ತಿತ್ತು. ಸುಟ್ಟ ವಾಸನೆ. ಒಳಗೆ ಬಂದು ಅರ್ಧ ಗಂಟೆ ಕಾರನ್ನು ತಣ್ಣಗೆ ಮಾಡಿದರು. ಆ ಅರ್ಧ ಗಂಟೆಯಲ್ಲೇ ನನಗೆ ಫೋನ್ ಬಂತು. ನಾನು ‘ಹೇಗಿತ್ತು’ ಅನ್ನುವ ಮೊದಲೇ ಕೇಳಿದರು: ‘ಮುಂದಿನದ್ದು ಯಾವಾಗ ಮಾರಾಯ್ರೆ?’

ಆ ಮೇಲೆ ದೊಡ್ಡ ಬ್ರೇಕು, ಹೆಚ್ಚಿನ ಕೂಲಿಂಗ್ ಅಂದರೆ ಏನು ಎಂದು ನಾನು ವಿವರಿಸಬೇಕಾಗಲಿಲ್ಲ. ಅವರ ಬಲಗಾಲಿಗೆ ಗೊತ್ತಾಗಿತ್ತು.

ಎರಡನೇ ಬದಲಾವಣೆ ಹೋಯಿತು. 3ಎಲ್‌ಟಿ ಬದಲು 2ಎಲ್‌ಟಿ. ಜಿಟಿ2 ಸೀಟು ಬಿಡಿಯಾಗಿ. ಝಡ್51. ಮ್ಯಾಗ್ನೆಟಿಕ್ ರೈಡ್ ಸೇರಿದ ಎಫ್‌ಇ4 ಸಸ್ಪೆನ್ಶನ್. ಲಿಫ್ಟ್ ಮೊದಲೇ ಇತ್ತು. ಎಂಜಿನ್ ಗೂಡಿನ ಅಲಂಕಾರ, ಬಣ್ಣದ ಕ್ಯಾಲಿಪರ್ ಹೋದವು. ಮೊತ್ತ ಗೆರೆಯ ಒಳಗೆ, ಕೂದಲೆಳೆಯಷ್ಟು ಅಂತರದಲ್ಲಿ. 1ಎಲ್‌ಟಿಗೆ ಇಳಿದಿದ್ದರೆ ಇನ್ನೂ ಉಳಿಯುತ್ತಿತ್ತು. ಆದರೆ ಲಿಫ್ಟ್ ಬೇಕೆಂದ ಮೇಲೆ ಆ ಬಾಗಿಲು ಮುಚ್ಚಿತ್ತು. ಟ್ರಿಮ್ ಪಟ್ಟಿ ಮಾಡುವವರು ಜಾಣರು. ಬೇಕೇ ಬೇಕು ಅನ್ನಿಸುವ ಒಂದು ವಸ್ತುವನ್ನು ಒಂದು ಮೆಟ್ಟಿಲು ಮೇಲೆ ಇಟ್ಟಿರುತ್ತಾರೆ.

ಆರು ದಿನ ಕಳೆದು 3000 ಬಂತು.

ಕಾರು ಬಂದ ಮೇಲೆ

ಹದಿನಾಲ್ಕು ತಿಂಗಳು ಆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ದಿನವೂ ಬಳಕೆಯಾಗುವುದು ಲಿಫ್ಟ್. ರ‍್ಯಾಂಪಿನ ಜಾಗ ಕಾರಿಗೆ ನೆನಪಿದೆ, ಸಾಹೇಬರು ಬಟನ್ ಮುಟ್ಟುವುದೂ ಇಲ್ಲ. ಟ್ರ್ಯಾಕ್‌ಗೆ ಹೋದದ್ದು ಎರಡು ಸಲ. ಮೂರಲ್ಲ, ಆದರೆ ಸೊನ್ನೆಯೂ ಅಲ್ಲ. ಡೇಟಾ ರೆಕಾರ್ಡರ್ ಆಟಿಕೆ ಎಂದು ನಾನು ಅಂದುಕೊಂಡಿದ್ದೆ. ಅವರು ಪ್ರತಿ ಸುತ್ತಿನ ವಿಡಿಯೊ ನೋಡಿ, ಒಂದೇ ತಿರುವಿನಲ್ಲಿ ಪ್ರತಿ ಸಲವೂ ಬೇಗ ಕಾಲು ತೆಗೆಯುತ್ತಿದ್ದೇನೆ ಎಂದು ತಾವೇ ಕಂಡುಹಿಡಿದುಕೊಂಡರು. ಕ್ಯಾಲಿಪರ್ ಬಣ್ಣದ ಮಾತು ಇಲ್ಲಿಯವರೆಗೆ ಒಂದು ಸಲವೂ ಬಂದಿಲ್ಲ. ಚರ್ಮದ ಡ್ಯಾಶ್‌ಬೋರ್ಡಿನ ಮಾತು ಬರುತ್ತದೆ. ಬೇರೆ ಯಾರದ್ದಾದರೂ 3ಎಲ್‌ಟಿ ಸಿಕ್ಕರೆ ಈಗಲೂ ಅದರ ಮೇಲೆ ಕೈ ಆಡಿಸಿ ಬರುತ್ತಾರೆ. ಅದು ಹೋಗುವ ಆಸೆಯಲ್ಲ, ಹೋಗಬೇಕಾಗಿಯೂ ಇಲ್ಲ.

ನಾನು ತಪ್ಪಿದ್ದು ಟಯರಿನ ವಿಷಯದಲ್ಲಿ. ಸಾಹೇಬರು ಕಾರು ಓಡಿಸುವುದೇ ಭಾನುವಾರ ನಸುಕಿನಲ್ಲಿ, ರಸ್ತೆ ಖಾಲಿ ಇರುವಾಗ. ಇದು ನನಗೆ ಮೊದಲಿನಿಂದಲೂ ಗೊತ್ತು. ಬೇಸ್ ಕಾರಿಗೆ ಬರುವುದು ಎಲ್ಲ ಕಾಲಕ್ಕೂ ನಡೆಯುವ ಆಲ್-ಸೀಸನ್ ಟಯರು. ಝಡ್51 ಜೊತೆ ಬರುವುದು ಬೇಸಿಗೆಯ ಟಯರು. ಬಿಸಿಯಾದಾಗ ಅಂಟಿನ ಹಾಗೆ ಹಿಡಿಯುತ್ತದೆ. ಚಳಿ 7 ಡಿಗ್ರಿಯ ಆಸುಪಾಸಿಗೆ ಇಳಿದರೆ ರಬ್ಬರು ಗಡುಸಾಗಿ ಹಿಡಿತ ಕಡಿಮೆಯಾಗುತ್ತದೆ. ಟ್ರ್ಯಾಕ್ ದಿನದ ಖುಷಿಯಲ್ಲಿ ನಸುಕಿನ ಚಳಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವರ್ಷಕ್ಕೆ ಎರಡು ದಿನದ ಬಳಕೆ ನೋಡಿ ಐವತ್ತು ಭಾನುವಾರ ಮರೆತೆ.

ಮೊದಲ ಚಳಿಗಾಲದ ಒಂದು ಬೆಳಿಗ್ಗೆ, ಮನೆ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಒಂದು ಮಾಮೂಲಿ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿತು. ಎಲೆಕ್ಟ್ರಾನಿಕ್ಸ್ ಹಿಡಿದುಕೊಂಡಿತು, ಯಾರಿಗೂ ಏನೂ ಆಗಲಿಲ್ಲ. ಸಾಹೇಬರು ಬೈಯಲಿಲ್ಲ. ಮೇಡಂ ಬೈದರು, ನನಗೆ. ಆಮೇಲೆ ಚಳಿಗಾಲಕ್ಕೆಂದು ಇನ್ನೊಂದು ಸೆಟ್ ಟಯರು ಕೊಂಡರು. ಆ ಖರ್ಚು ಸೇರಿಸಿದರೆ ಗೆರೆ ದಾಟಿತು ಎಂದು ಮೇಡಂ ಈಗಲೂ ನೆನಪಿಸುತ್ತಾರೆ. ಈ ಪ್ರಕರಣವನ್ನು ಮತ್ತೆ ಮೊದಲಿನಿಂದ ಮಾಡುವುದಾದರೆ, ಹಾಳೆಗಳ ಪಕ್ಕದಲ್ಲಿ ಇನ್ನೊಂದು ಹಾಳೆ ಇಡುತ್ತೇನೆ. ಕಾರು ಓಡುವ ಒಂದೊಂದು ದಿನದ ಹೊತ್ತು, ಹವೆ, ರಸ್ತೆ ಬರೆಯಲು.

ಇನ್ನೊಂದನ್ನೂ ಮಾಡುತ್ತೇನೆ. ಅದೇ ಬೆಲ್ಟ್ ವಿಷಯ.

ಕಂಪನಿಯ ಆರ್ಡರ್ ಹಾಳೆಯಲ್ಲಿ ಪ್ರತಿ ವಸ್ತುವಿಗೂ ಮೂರಕ್ಷರದ ಒಂದು ಸಂಕೇತ ಇರುತ್ತದೆ. ನಾವು ಎರಡು ಸಲ ಪಟ್ಟಿ ಬದಲಿಸಿದಾಗಲೂ ನೋಡಿದ್ದು ಸೇರಿಸಿದ ಮತ್ತು ತೆಗೆದ ಸಾಲುಗಳನ್ನು ಮಾತ್ರ. ಪೂರ್ತಿ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಯಾರೂ ಓದಲಿಲ್ಲ. ಸಾಹೇಬರು ಮೊದಲ ರಾತ್ರಿ ಅವಸರದಲ್ಲಿ ಕಳಿಸಿದ ಪಟ್ಟಿ ಯಾವುದೋ ಹಳೆಯ ಆಟದ ದಿನದ್ದು. ಆವತ್ತು ಕಾರಿಗೆ ಬೇರೆ ಬಣ್ಣ ಇಟ್ಟು, ಸೀಟ್ ಬೆಲ್ಟಿಗೆ ಹಳದಿ ಹಾಕಿ ನೋಡಿದ್ದರು. ಆಮೇಲೆ ಹೊರಬಣ್ಣ ಬೂದಿಗೆ ಬದಲಾಯಿತು. ಬೆಲ್ಟ್ ಹಾಗೇ ಉಳಿಯಿತು. 3000 ಬಂದ ಎರಡು ದಿನಕ್ಕೆ ಮೇಡಂ ಹಾಳೆ ತೆಗೆದುಕೊಂಡು ಒಂದೊಂದೇ ಸಂಕೇತ ಹುಡುಕುತ್ತಾ ಕೂತಾಗ ಗೊತ್ತಾಯಿತು. ಡೀಲರ್‌ಗೆ ಫೋನ್ ಮಾಡಿದರೆ ‘ಬೀಗ ಬಿದ್ದಿದೆ ಮೇಡಂ’ ಅಂದರು.

ಬೂದು ಕಾರು ಬಂತು, ಒಳಗೆ ಎಲ್ಲ ಕಪ್ಪು, ನಡುವೆ ಎರಡು ಹಳದಿ ಬೆಲ್ಟು. ಸಾಹೇಬರು ಬದಲಿಸುವ ಖರ್ಚು ವಿಚಾರಿಸಿದರು. ಮೇಡಂ ಬಿಡಲಿಲ್ಲ. ‘ಇಡೀ ಕಾರಿನಲ್ಲಿ ನಾನೇ ಕಂಡುಹಿಡಿದದ್ದು ಇದೊಂದು, ಇರಲಿ ಬಿಡಿ’ ಅಂದರಂತೆ.